ಕಣ್ಣಿಗೆ ಕಾಣುವ ಮಂಡ್ಯ, ಹುಡುಕಿದರೆ ಸಿಗದ ಮಂಡ್ಯ: ಪೈಥಾನ್‌ಗೆ ಸರ್ಕಾರದ ಹಣ ಹಂಚಿದ ಒಂದು ಪ್ರಕರಣ

ಮೈಸೂರಿನಲ್ಲಿರುವ ಒಂದು ಸಂಸ್ಥೆಗೆ ಸರ್ಕಾರದಿಂದ ಒಂದು ವರ್ಷದ ಅನುದಾನ ಬಂತು. ಮೈಸೂರು, ಮಂಡ್ಯ ಜಿಲ್ಲೆಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಮತ್ತು ಸರ್ಕಾರಿ ಕಚೇರಿಗಳಿಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನು, ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಯನ್ನು, ಹತ್ತಿರ ಮಾಡಬೇಕು ಅನ್ನುವುದು ಉದ್ದೇಶ. ಹಣವನ್ನು ಯಾವುದಕ್ಕೆ ಎಷ್ಟು ಹಾಕಬೇಕು ಅಂತ ತೀರ್ಮಾನಿಸುವ ಸಮಿತಿಯಲ್ಲಿ ನಾನೂ ಇದ್ದೆ. ಇಂಥದ್ದೇ ಸಮಿತಿಯಲ್ಲಿ ನಾಳೆ ನೀವೂ ಕೂರಬಹುದು, ಆಗ ನಮ್ಮ ತಪ್ಪುಗಳು ನಿಮಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಸಂಸ್ಥೆ, ಶಾಲೆ, ಕಚೇರಿ, ಜನ, ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೊತ್ತವನ್ನೂ ಹೇಳುವುದಿಲ್ಲ. ಒಟ್ಟು ಹಣ 100 ರೂಪಾಯಿ ಅಂದುಕೊಳ್ಳಿ, ಲೆಕ್ಕ ಅರ್ಥವಾಗುವುದಕ್ಕೆ ಅಷ್ಟು ಸಾಕು.

ಮೊದಲ ಪಟ್ಟಿ

ಸಮಿತಿಯಲ್ಲಿ ಐದು ಜನ. ಅಧ್ಯಕ್ಷರು ನಿವೃತ್ತ ಅಧಿಕಾರಿ. ಮಂಡ್ಯ ಕಡೆಯ ಕಾಲೇಜಿನ ಒಬ್ಬರು ಮೇಷ್ಟ್ರು. ಭಾಷಾಶಾಸ್ತ್ರ ಓದಿದ ಒಬ್ಬರು ಮೇಡಂ. ನೀರಾವರಿ ಇಲಾಖೆಯಲ್ಲಿ ತುಂಬಾ ವರ್ಷ ಲೆಕ್ಕ ನೋಡಿಕೊಂಡು ಬಂದಿದ್ದ ಲೆಕ್ಕಾಧಿಕಾರಿ. ಮತ್ತೆ ನಾನು.

ಮೊದಲ ಸಭೆಯಲ್ಲೇ ಒಂದು ಪಟ್ಟಿ ಸಿದ್ಧವಾಯಿತು. ಕನ್ನಡ ಪದಗಳಲ್ಲೇ ಬರೆಯುವಂಥ ಹೊಸ ಪ್ರೋಗ್ರಾಮಿಂಗ್ ಭಾಷೆ ಮಾಡಿಸುವುದಕ್ಕೆ 55 ರೂಪಾಯಿ. ಲ್ಯಾಬಿಗೆ ಕಂಪ್ಯೂಟರ್ ಕೊಳ್ಳುವುದಕ್ಕೆ 30. ಮೈಸೂರಿನಲ್ಲಿ ಎರಡು ದಿನದ ಸಮಾವೇಶಕ್ಕೆ 10. ಉಳಿದ 5 ರೂಪಾಯಿ ‘ಇತರೆ’. ಆ ಪಟ್ಟಿಗೆ ನಾನೂ ತಲೆಯಾಡಿಸಿದ್ದೆ, ಇದನ್ನು ಹೇಳಲೇಬೇಕು. ಕನ್ನಡದಲ್ಲೇ ಒಂದು ಪ್ರೋಗ್ರಾಮಿಂಗ್ ಭಾಷೆ ಅಂದರೆ ಯಾರಿಗೆ ಬೇಡ ಅನ್ನಿಸುತ್ತೆ? ಮನಸ್ಸಿಗೆ ಹತ್ತಿರದ ಮಾತು ಅದು.

ಇನ್ನೊಂದು ಕಾರಣವೂ ಇತ್ತು. ಹಣ ಮಾರ್ಚ್ ಕೊನೆಯೊಳಗೆ ಖರ್ಚಾಗಬೇಕು, ಇಲ್ಲದಿದ್ದರೆ ವಾಪಸ್ ಹೋಗುತ್ತದೆ. ಕಂಪ್ಯೂಟರ್ ಕೊಂಡರೆ ಬಿಲ್ಲು ಸಿಗುತ್ತದೆ, ಸಮಾವೇಶ ಮಾಡಿದರೆ ಫೋಟೋ ಸಿಗುತ್ತದೆ, ಹೊಸ ಭಾಷೆ ಮಾಡಿಸಿದರೆ ಬಿಡುಗಡೆಗೆ ಒಂದು ದಿನ ಸಿಗುತ್ತದೆ. ಈಗಾಗಲೇ ಓಡುತ್ತಿರುವುದನ್ನು ಯಾರೋ ಒಬ್ಬರು ವರ್ಷಪೂರ್ತಿ ಕೂತು ಸರಿಯಾಗಿ ಇಟ್ಟುಕೊಂಡರೆ ತೋರಿಸುವುದಕ್ಕೆ ಏನೂ ಇರುವುದಿಲ್ಲ, ಅಲ್ವಾ?

ಕಾಲೇಜಿನ ಮೇಷ್ಟ್ರು ಮಾತ್ರ ಒಂದು ಮಾತು ಕೇಳಿದರು. ‘ಮಕ್ಕಳಿಗೆ ಕಷ್ಟ ಆಗ್ತಿರೋದು ಎಲ್ಲಿ ಅಂತ ನಮ್ಮಲ್ಲಿ ಯಾರಾದ್ರೂ ನೋಡಿದ್ದೀವಾ?’ ಯಾರೂ ನೋಡಿರಲಿಲ್ಲ. ಹಾಗಾಗಿ ಪಟ್ಟಿಗೆ ಸಹಿ ಹಾಕುವ ಮೊದಲು ಮೂರು ವಾರ ಒಂದು ಶಾಲೆಗೆ ಹೋಗಿ ಕೂರೋಣ ಅಂತಾಯಿತು. ಹಿಂದಿರುಗಿ ನೋಡಿದರೆ ಇಡೀ ಯೋಜನೆ ತಿರುಗಿದ್ದು ಆ ಒಂದು ಪ್ರಶ್ನೆಯಿಂದ.

ಶಾಲೆಯ ಲ್ಯಾಬಿನಲ್ಲಿ

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ಎಂಟು ಕಂಪ್ಯೂಟರ್, ಅದರಲ್ಲಿ ಆರು ಕೆಲಸ ಮಾಡುತ್ತಿದ್ದವು. ಮಕ್ಕಳು ಒಂಬತ್ತನೇ ತರಗತಿಯವರು.

ಇಫ್, ಎಲ್ಸ್, ವೈಲ್ ಇಂಥ ಇಂಗ್ಲಿಷ್ ಪದಗಳೇ ಮಕ್ಕಳಿಗೆ ಗೋಡೆ ಅಂತ ನಾವು ಅಂದುಕೊಂಡಿದ್ದೆವು. ಆದರೆ ಪೈಥಾನ್‌ನಲ್ಲಿ ಹೀಗೆ ಭಾಷೆಗೇ ಅಂತ ಕಾಯ್ದಿರಿಸಿದ ಪದಗಳು ಒಟ್ಟು 35. ಶುರುವಿನ ಪಾಠಗಳಿಗೆ ಅದರಲ್ಲಿ ಹತ್ತು ಹನ್ನೆರಡು ಸಾಕು. ಕ್ರಿಕೆಟ್ ಆಡುವ ಮಕ್ಕಳು ಔಟು, ವೈಡು, ನೋಬಾಲು ಅಂತ ಹೇಗೆ ಕಲಿತರೋ ಹಾಗೇ ಇವನ್ನೂ ಎರಡು ದಿನದಲ್ಲಿ ಕಲಿತುಬಿಟ್ಟರು. ತಡೆದಿದ್ದು ಬೇರೆಯದೇ. ತಪ್ಪಾದಾಗ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಕೆಂಪಗೆ ಏನೋ ಹೇಳುತ್ತದೆ, ಅದು ಏನು ಹೇಳುತ್ತಿದೆ ಅಂತ ಮಕ್ಕಳಿಗೂ ಗೊತ್ತಿಲ್ಲ, ಕಲಿಸುವ ಮಿಸ್‌ಗೂ ಧೈರ್ಯವಾಗಿ ಗೊತ್ತಿಲ್ಲ. ಆರಕ್ಕೆ ಆರು ಕಂಪ್ಯೂಟರಿನ ಮುಂದೆಯೂ ಕೈ ಮೇಲೆ ಎತ್ತಿದ ಮಕ್ಕಳು. ಮಿಸ್ ಒಬ್ಬರೇ.

ಪೈಥಾನಿನ ಈಗಿನ ಆವೃತ್ತಿಯಾದ ಪೈಥಾನ್ 3ರಲ್ಲಿ ಚರಾಂಕಗಳ, ಅಂದರೆ ಮಾಹಿತಿಯನ್ನು ಇಟ್ಟುಕೊಳ್ಳುವ ಡಬ್ಬಿಗಳ, ಹೆಸರನ್ನು ಕನ್ನಡದಲ್ಲೇ ಇಡಬಹುದು. ‘ವಯಸ್ಸು’, ‘ಅಂಕ’, ‘ಬೆಲೆ’ ಎಲ್ಲಾ ನಡೆಯುತ್ತವೆ. ಕನ್ನಡ ಅಂಕಿಯಲ್ಲಿ ‘೧೨’ ಅಂತ ಬರೆದು ಕೊಟ್ಟರೂ ಅದನ್ನು ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತದೆ. ಇದನ್ನು ತೋರಿಸಿದಾಗ ಮಕ್ಕಳ ಮುಖ ನೋಡಬೇಕಿತ್ತು. ಹೊಸ ಭಾಷೆ ಮಾಡಿಸಿ ಪಡೆಯಬೇಕು ಅಂದುಕೊಂಡಿದ್ದರಲ್ಲಿ ದೊಡ್ಡ ಪಾಲು ಸುಮ್ನೆ ಬಿಟ್ಟಿಯಾಗಿ ಅಲ್ಲೇ ಇತ್ತು, ನಾವು ನೋಡಿರಲಿಲ್ಲ ಅಷ್ಟೆ.

ಆಮೇಲೆ ಒಬ್ಬಳು ಹುಡುಗಿಯ ಪ್ರೋಗ್ರಾಂ ಕೈಕೊಟ್ಟಿತು. ಮೇಲಿನ ಸಾಲಿನಲ್ಲಿ ‘ಅಂಕ’ಕ್ಕೆ 35 ಅಂತ ಕೊಟ್ಟಿದ್ದಾಳೆ, ಕೆಳಗಿನ ಸಾಲಿನಲ್ಲಿ ‘ಅ೦ಕ’ವನ್ನು ತೋರಿಸು ಅಂತ ಹೇಳಿದ್ದಾಳೆ. ಪೈಥಾನ್ ಅಂಥ ಹೆಸರೇ ಇಲ್ಲ ಅನ್ನುತ್ತದೆ. ಆ ಎರಡು ಪದಗಳನ್ನು ಮತ್ತೆ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ. ಕಣ್ಣಿಗೆ ಹೆಚ್ಚುಕಮ್ಮಿ ಒಂದೇ, ಆದರೆ ಪ್ರತಿ ಅಕ್ಷರಕ್ಕೂ ಒಂದು ಅಂಕೆ ಕೊಡುವ ಕಂಪ್ಯೂಟರಿನ ಪದ್ಧತಿಯಾದ ಯುನಿಕೋಡ್‌ನಲ್ಲಿ ಬೇರೆ ಬೇರೆ ಅಕ್ಷರ. ಮಗುವಿನದು ಏನೂ ತಪ್ಪಿಲ್ಲ. ಅನುಸ್ವಾರಕ್ಕೆ ನಾವೆಲ್ಲ ‘ಸೊನ್ನೆ’ ಅಂತಲೇ ಕರೆಯೋದು. ಸೊನ್ನೆ ಹಾಕು ಅಂದರೆ ಸೊನ್ನೆ ಹಾಕಿದ್ದಾಳೆ.

ನನಗೂ ಅದು ಗೊತ್ತಾಗುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ಹುಡುಗಿ ತಾನು ದಡ್ಡಿ ಅಂದುಕೊಂಡು ಕೂತಿದ್ದಳು. ಅದು ನನಗೆ ಇವತ್ತೂ ನೋವು ಕೊಡುತ್ತದೆ.

ಕಚೇರಿಯ ಮಂಡ್ಯ

ಅದೇ ವಾರ ಲೆಕ್ಕಾಧಿಕಾರಿ ನಮ್ಮನ್ನು ತಮಗೆ ಪರಿಚಯದ ಒಂದು ಕಚೇರಿಗೆ ಕರೆದುಕೊಂಡು ಹೋದರು. ಅಲ್ಲಿ ಫಲಾನುಭವಿಗಳ ಪಟ್ಟಿಗಳನ್ನು ಒಟ್ಟುಗೂಡಿಸುವುದಕ್ಕೆ ಒಂದು ಪುಟ್ಟ ಪೈಥಾನ್ ಪ್ರೋಗ್ರಾಂ ಓಡುತ್ತಿತ್ತು. ಬರೆದವನು ಹಿಂದೆ ತರಬೇತಿಗೆ ಬಂದಿದ್ದ ಒಬ್ಬ ಡಿಪ್ಲೊಮಾ ಹುಡುಗ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಫೋನ್ ಮಾಡಿದರೆ ರಾತ್ರಿ ಹತ್ತರ ಮೇಲೆ ಎತ್ತುತ್ತಾನೆ, ಪಾಪ. ಪ್ರೋಗ್ರಾಂ ಹಳೇ ಆವೃತ್ತಿಯಾದ ಪೈಥಾನ್ 2ರಲ್ಲಿತ್ತು. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೇ ನಿಂತಿದೆ. ಹೊಸ ಕಂಪ್ಯೂಟರ್ ಬಂದರೆ ಆ ಪ್ರೋಗ್ರಾಂ ಓಡುವುದಿಲ್ಲ. ಅದಕ್ಕೇ ಹಳೇ ಕಂಪ್ಯೂಟರನ್ನು ಯಾರಿಗೂ ಮುಟ್ಟಲು ಬಿಡದೆ ಒಂದು ಮೂಲೆಯಲ್ಲಿ ಇಟ್ಟಿದ್ದರು. ನಾವು 30 ರೂಪಾಯಿ ಹಾಕಿ ಹೊಸ ಕಂಪ್ಯೂಟರ್ ಕೊಡಲು ಹೊರಟಿದ್ದೆವು, ಇವರಿಗೆ ಹೊಸ ಕಂಪ್ಯೂಟರ್ ಅಂದರೆ ಭಯ.

ಅಲ್ಲಿನ ಡೇಟಾ ಎಂಟ್ರಿ ಮಾಡುವ ಮೇಡಂ ನನ್ನನ್ನು ಕರೆದು ಪರದೆ ತೋರಿಸಿದರು. ‘ಸಾರ್, ಮಂಡ್ಯ ಅಂತ ಹುಡುಕುದ್ರೆ ಅರ್ಧ ಜನ ಬರಲ್ಲ. ಕಣ್ಣಿಗೆ ಕಾಣ್ತದೆ, ಹುಡುಕುದ್ರೆ ಸಿಕ್ಕಲ್ಲ. ನಮ್ಮ ಜಿಲ್ಲೆ ಹೆಸರೇ ಸಿಕ್ಕಲ್ಲ ಅಂದ್ರೆ ಏನ್ ಮಾಡನ ಹೇಳಿ.’

ನೋಡಿದ ತಕ್ಷಣ ಶಾಲೆಯ ಹುಡುಗಿ ನೆನಪಾದಳು. ಅದೇ ಸೊನ್ನೆ. ‘ಮಂಡ್ಯ’ ಮತ್ತು ‘ಮ೦ಡ್ಯ’. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ನಾಲ್ಕರ ಹೆಸರಿನಲ್ಲಿ ಸೊನ್ನೆ ಇದೆ: ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ. ಮೇಡಂ ಪ್ರತಿ ಸಲ ಎರಡೂ ಥರ ಹುಡುಕಿ, ಕೈಯಲ್ಲಿ ಲೆಕ್ಕ ಹಾಕಿ, ಬಿಟ್ಟುಹೋದವರನ್ನು ಪೆನ್ಸಿಲ್ಲಿನಲ್ಲಿ ಸೇರಿಸುತ್ತಿದ್ದರು. ಒಂದು ಸಲ ಮರೆತರೆ ಯಾರಿಗೋ ಬರಬೇಕಾದದ್ದು ಬರುವುದಿಲ್ಲ.

ಇನ್ನೂ ಇದ್ದವು. ‘ಗೋವಿಂದ’ ಅನ್ನುವ ಹೆಸರಿನ ‘ಗೋ’ವನ್ನು ಒಂದು ಕಡೆ ಒಂದೇ ದೀರ್ಘ ಚಿಹ್ನೆಯಾಗಿ, ಇನ್ನೊಂದು ಕಡೆ ‘ಗೊ’ ಬರೆದು ಮೇಲೆ ದೀರ್ಘ ಸೇರಿಸಿ ಉಳಿಸಿರುತ್ತಾರೆ. ತೋರುವುದು ಒಂದೇ, ಹೋಲಿಸಿದರೆ ಬೇರೆ. ಅಕ್ಷರ ಕ್ರಮದಲ್ಲಿ ಜೋಡಿಸಿದರೆ ಯುನಿಕೋಡ್ ಅಂಕೆಗಳ ಪ್ರಕಾರ ‘ಳ’ ಹೋಗಿ ‘ಲ’ ಮತ್ತು ‘ವ’ ನಡುವೆ ಕೂರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಗೆ ಬರಬೇಕು. ‘ಮಂಡ್ಯ’ದಲ್ಲಿ ಎಷ್ಟು ಅಕ್ಷರ ಅಂತ ಕೇಳಿದರೆ ಆ ಹಳೇ ಪ್ರೋಗ್ರಾಂ ಬೈಟುಗಳನ್ನು, ಅಂದರೆ ಕಂಪ್ಯೂಟರ್ ಒಳಗೆ ಉಳಿಸಿಕೊಳ್ಳುವ ಸಣ್ಣ ತುಂಡುಗಳನ್ನು, ಎಣಿಸಿ 15 ಅನ್ನುತ್ತಿತ್ತು. ಪೈಥಾನ್ 3 ಹೇಳುವುದು 5. ನೀವು ನಾನು ಓದಿದರೆ ಎರಡು. ಹೆಸರಿನ ಕಾಲಂ ಇಷ್ಟೇ ಅಕ್ಷರ ಅಂತ ಕತ್ತರಿಸುವ ಕಡೆ ಇದರಿಂದ ಜನರ ಹೆಸರೇ ಅರ್ಧಕ್ಕೆ ತುಂಡಾಗುತ್ತಿತ್ತು.

ಮೈಸೂರಿಗೆ ವಾಪಸ್ ಬರುವ ದಾರಿಯಲ್ಲಿ ಲೆಕ್ಕಾಧಿಕಾರಿ ಹೇಳಿದ ಮಾತು ನಮ್ಮ ಯೋಚನೆಯನ್ನು ಬದಲಿಸಿತು. ‘ನಾಲೆ ಇದೆ, ನೀರೂ ಬಿಟ್ಟಿದ್ದಾರೆ, ಕೊನೆ ಭಾಗದ ಗದ್ದೆಗೆ ಮುಟ್ತಾ ಇಲ್ಲ. ನಡುವೆ ಹೂಳು ತುಂಬಿದೆ. ನೀವು ಪಕ್ಕದಲ್ಲಿ ಇನ್ನೊಂದು ನಾಲೆ ತೋಡೋಕೆ ದುಡ್ಡು ಕೇಳ್ತಾ ಇದ್ದೀರಿ.’

ಬೇರೆಯವರು ಮಾಡಿದ್ದು

ಸಮಿತಿಗೆ ನಾನು ಎರಡು ಉದಾಹರಣೆ ಕೊಟ್ಟೆ. ಸರ್ಕಾರವೊಂದು ಪ್ರೋಗ್ರಾಮಿಂಗ್ ಭಾಷೆಗೆ ದೊಡ್ಡದಾಗಿ ಹಣ ಹಾಕಿದ್ದಕ್ಕೆ ಅಮೆರಿಕದ ರಕ್ಷಣಾ ಇಲಾಖೆಯ ಏಡಾ ಒಳ್ಳೆಯ ಪಾಠ. 1970ರ ದಶಕದಲ್ಲಿ ಆ ಇಲಾಖೆಯ ಕೆಲಸಗಳಲ್ಲಿ ನೂರಾರು ಪ್ರೋಗ್ರಾಮಿಂಗ್ ಭಾಷೆಗಳು ಓಡುತ್ತಿದ್ದವು. ಎಲ್ಲಕ್ಕೂ ಒಂದೇ ಇರಲಿ ಅಂತ ಏಡಾ ಮಾಡಿಸಿದರು, 1983ರಲ್ಲಿ ಅದು ಮಾನಕವಾಯಿತು, ಆಮೇಲೆ ಕಡ್ಡಾಯವೂ ಆಯಿತು. 1997ರಲ್ಲಿ ಆ ಕಡ್ಡಾಯವನ್ನು ಕೈಬಿಟ್ಟರು. ಆದರೆ 1990ರ ದಶಕದ ಮೊದಲಲ್ಲಿ ಅಮೆರಿಕದ ವಾಯುಪಡೆ ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟು ಬರೆಸಿದ ನ್ಯಾಟ್ ಎಂಬ ಮುಕ್ತ ಕಂಪೈಲರ್, ಅಂದರೆ ಏಡಾದಲ್ಲಿ ಬರೆದದ್ದನ್ನು ಕಂಪ್ಯೂಟರ್ ಓಡಿಸುವಂತೆ ಬದಲಿಸಿಕೊಡುವ ಉಪಕರಣ, ಈಗಲೂ ಇದೆ, ಯಾರು ಬೇಕಾದರೂ ಬಳಸಬಹುದು. ಆದೇಶ ಹೋಯಿತು, ಎಲ್ಲರ ಕೈಗೆ ಕೊಟ್ಟ ಉಪಕರಣ ಉಳಿಯಿತು.

ಎರಡನೆಯದು ಜಪಾನಿನ ಮಾತ್ಸುಯೆ. ಸುಮಾರು ಎರಡು ಲಕ್ಷ ಜನ ಇರುವ ಊರು, ನಮ್ಮ ಮೈಸೂರಿಗಿಂತ ಚಿಕ್ಕದು, ರಾಜಧಾನಿಯಿಂದ ದೂರ. ರೂಬಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಮಾಡಿದ ಯುಕಿಹಿರೋ ಮಾತ್ಸುಮೊಟೊ ಇರುವುದು ಅಲ್ಲೇ. 2006ರಲ್ಲಿ ನಗರಾಡಳಿತ ರೂಬಿಯನ್ನೇ ಊರಿನ ಗುರುತು ಮಾಡಿಕೊಂಡು ರೈಲು ನಿಲ್ದಾಣದ ಬಳಿ ಜನ ಸೇರುವುದಕ್ಕೆ ಒಂದು ಜಾಗ ಮಾಡಿಕೊಟ್ಟಿತು. ಅವರು ಹೊಸ ಭಾಷೆ ಮಾಡಿಸಲಿಲ್ಲ. ಬದುಕಿರುವ ಒಂದು ಭಾಷೆಯ ಸುತ್ತ ಜನರನ್ನು ಕೂರಿಸಿದರು.

ಅಧ್ಯಕ್ಷರಿಗೆ ಮಾತ್ಸುಯೆ ಇಷ್ಟವಾಯಿತು. ಭಾಷಾಶಾಸ್ತ್ರದ ಮೇಡಂಗೆ ಆಗಲಿಲ್ಲ. ‘ಹೀಗೆ ಮಾಡ್ತಾ ಹೋದರೆ ಕನ್ನಡ ಯಾವಾಗಲೂ ಬೇರೆಯವರ ಭಾಷೆಗೆ ವಿವರಣೆ ಬರೆಯೋ ಭಾಷೆಯಾಗಿ ಉಳಿಯುತ್ತೆ, ಅದು ನಿಮಗೆ ಒಪ್ಪಿಗೆನಾ?’ ಅಂತ ಕೇಳಿದರು. ಒಪ್ಪಿಗೆ ಇಲ್ಲ ಅಂದೆ. ಆದರೆ ಹೊಸ ಭಾಷೆ ಮಾಡಿದರೂ ಅದರೊಳಗೆ ಬರೆಯುವ ಪದಗಳಲ್ಲಿ ಇದೇ ಸೊನ್ನೆ, ಇದೇ ದೀರ್ಘ, ಇದೇ ಳಕಾರ ಇರುತ್ತದೆ. ಅದನ್ನು ಮೊದಲು ಸರಿ ಮಾಡಿದರೆ ನಾಳೆ ಬರುವ ಕನ್ನಡ ಪ್ರೋಗ್ರಾಮಿಂಗ್ ಭಾಷೆಗೂ ಅದು ಬೇಕಾಗುತ್ತದೆ. ಮೇಡಂ ಪೂರ್ತಿ ಒಪ್ಪಲಿಲ್ಲ, ತಮ್ಮ ಅಭಿಪ್ರಾಯವನ್ನು ನಡಾವಳಿಯಲ್ಲಿ ಬರೆಸಿದರು. ಅವರ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಈಗಲೂ ಇಲ್ಲ.

ಎರಡನೇ ಪಟ್ಟಿ

ಕೊನೆಗೆ ಒಪ್ಪಿದ್ದು ಹೀಗೆ. ಇಬ್ಬರು ಯುವಕ ಯುವತಿಯರ ವರ್ಷದ ಸಮಯಕ್ಕೆ 45 ರೂಪಾಯಿ: ಕನ್ನಡ ಪಠ್ಯದ ತಪ್ಪುಗಳನ್ನು ಹಿಡಿದು ಸರಿಮಾಡುವ ಒಂದು ಮುಕ್ತ ಪೈಥಾನ್ ಲೈಬ್ರರಿ (ಯಾರು ಬೇಕಾದರೂ ತಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡ್) ಬರೆಯುವುದು ಮತ್ತು ಕಚೇರಿಗಳ ಹಳೇ ಪ್ರೋಗ್ರಾಂಗಳನ್ನು ಪೈಥಾನ್ 3ಕ್ಕೆ ತರುವುದು. ಶಿಕ್ಷಕರ ತರಬೇತಿಗೆ, ಮಕ್ಕಳು ಪದೇ ಪದೇ ನೋಡುವ ತಪ್ಪು ಸಂದೇಶಗಳಿಗೆ ಕನ್ನಡ ವಿವರಣೆ ಬರೆಸುವುದಕ್ಕೆ 30. ಯುನಿಕೋಡ್ ಬಳಸದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳನ್ನು ಯುನಿಕೋಡಿಗೆ ತರುವುದಕ್ಕೆ 10. ಲೈಬ್ರರಿ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷಿಸಲು ಕಚೇರಿ ಸಿಬ್ಬಂದಿ ಮಾದರಿ ಪಟ್ಟಿ ಮಾಡಿಕೊಟ್ಟರೆ ಗೌರವಧನ 5. ಉಳಿದ 10 ಮುಂದಿನ ವರ್ಷದ ನಿರ್ವಹಣೆಗೆ ಮೀಸಲು.

ಹೊಸ ಭಾಷೆಗೆ ಸೊನ್ನೆ. ಕಂಪ್ಯೂಟರಿಗೂ ಸೊನ್ನೆ. ಸಮಾವೇಶವೂ ಇಲ್ಲ.

ಜನರ ಸಮಯವನ್ನು ಕೊಳ್ಳುವುದು ಸರ್ಕಾರದಲ್ಲಿ ಕಂಪ್ಯೂಟರ್ ಕೊಂಡಷ್ಟು ಸಲೀಸಲ್ಲ. ಟೆಂಡರ್ ಕರೆದರೆ ಏನು ಬರೆಯುವುದು? ಕೊನೆಗೆ ಲೆಕ್ಕಾಧಿಕಾರಿ ತಮ್ಮ ಹಳೇ ಅನುಭವದಿಂದ ಕೆಲಸವನ್ನು ತಿಂಗಳ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ನೋಡಿ ಸಹಿ ಹಾಕಬಹುದಾದ ಫಲಿತಾಂಶ ಬರೆದರು. ‘ಈ ತಿಂಗಳು ಈ ಕಚೇರಿಯ ಈ ಪಟ್ಟಿ ಹೊಸ ಕಂಪ್ಯೂಟರಿನಲ್ಲಿ ಓಡಬೇಕು’ ಅನ್ನುವ ಥರ. ಆ ಹಾಳೆ ಇಲ್ಲದಿದ್ದರೆ ಎರಡನೇ ಪಟ್ಟಿ ಕಾಗದದಲ್ಲೇ ಉಳಿಯುತ್ತಿತ್ತು.

ಏನಾಯಿತು

ಲೈಬ್ರರಿಯ ಮೊದಲ ರೂಪ ಅವಸರದ್ದು. ಎಲ್ಲಾ ಅಂಕಿ ಸೊನ್ನೆಯನ್ನೂ ಅನುಸ್ವಾರ ಮಾಡಿಬಿಡುತ್ತಿತ್ತು. ಮಂಡ್ಯ ಸಿಕ್ಕಿತು ಅಂತ ನಾವು ಖುಷಿಪಟ್ಟೆವು. ಡೇಟಾ ಎಂಟ್ರಿ ಮೇಡಂ ಮಾದರಿ ಪಟ್ಟಿ ಓಡಿಸಿ ನೋಡಿ ಮಾರನೇ ದಿನವೇ ಫೋನ್ ಮಾಡಿದರು. ಸರ್ವೆ ನಂಬರ್ ‘೧೦೫’ ಇದ್ದದ್ದು ‘೧ಂ೫’ ಆಗಿದೆ. ಅದು ನಿಜವಾದ ಪಟ್ಟಿಗೆ ಹೋಗಿದ್ದರೆ? ಯೋಚಿಸಿದರೆ ಈಗಲೂ ಎದೆ ನಡುಗುತ್ತದೆ. ಆಮೇಲೆ ನಿಯಮ ಬದಲಾಯಿತು: ಸೊನ್ನೆಯ ಹಿಂದೆ ಇರುವುದು ಅಕ್ಷರವಾದರೆ ಮಾತ್ರ ಬದಲಿಸು, ಅಂಕಿಯಾದರೆ ಮುಟ್ಟಬೇಡ, ಅನುಮಾನ ಬಂದರೆ ಮನುಷ್ಯರಿಗೆ ತೋರಿಸು. ನಾವು ಕೊಟ್ಟ 100ರಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಗೌರವಧನದ ಆ 5 ರೂಪಾಯಿ ಅಂತ ನಾನು ನಂಬುತ್ತೇನೆ. ಮಾದರಿಗಳಲ್ಲಿ ನಿಜವಾದ ಫಲಾನುಭವಿಗಳ ಹೆಸರು ಬಳಸಬಾರದು, ಅದೇ ಥರದ ತಪ್ಪು ಇರುವ ಕಲ್ಪಿತ ಹೆಸರು ಮಾಡಿಕೊಳ್ಳಬೇಕು ಅಂತ ಹಟ ಹಿಡಿದವರೂ ಅದೇ ಮೇಡಂ.

ಶಾಲೆಯಲ್ಲಿ ತಪ್ಪು ಸಂದೇಶಗಳ ವಿವರಣೆಯನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಲ್ಯಾಬಿನ ಗೋಡೆಗೆ ಅಂಟಿಸಿದೆವು. ‘ಈ ಹೆಸರು ನನಗೆ ಗೊತ್ತಿಲ್ಲ ಅಂತ ಹೇಳುತ್ತಿದೆ. ಕಾಗುಣಿತ ನೋಡು. ಸೊನ್ನೆ ಯಾವ ಸೊನ್ನೆ ನೋಡು.’ ಮೇಲೆ ಎತ್ತಿದ ಕೈಗಳು ಕಡಿಮೆಯಾದವು. ಮಕ್ಕಳು ಎದ್ದು ಗೋಡೆಯ ಹತ್ತಿರ ಹೋಗಿ ಓದಿಕೊಂಡು ಬರುವುದನ್ನು ನಾನು ಕಣ್ಣಾರೆ ನೋಡಿದೆ.

ನುಡಿ ಕಡತಗಳ ಕೆಲಸ ಅರ್ಧಕ್ಕೆ ನಿಂತಿತು, ಅದು ನನ್ನ ಅಂದಾಜಿನ ತಪ್ಪು. ಹಳೇ ನುಡಿಯಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಉಳಿದಿರುತ್ತವೆ. ‘ಕರ್ನಾಟಕ’ದ ಅರ್ಕಾವೊತ್ತು ‘ನಾ’ ಆದ ಮೇಲೆ ಬರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲೇ ಬರಬೇಕು. ಒತ್ತಕ್ಷರ, ದೀರ್ಘ ಎಲ್ಲವನ್ನೂ ಹಿಂದೆ ಮುಂದೆ ಮಾಡಬೇಕು, ಅದೂ ನಡುವೆ ಇಂಗ್ಲಿಷ್ ಪದಗಳು ಬೆರೆತ ಕಡತದಲ್ಲಿ. 10 ರೂಪಾಯಿಗೆ ಆಗುವ ಕೆಲಸ ಅದಾಗಿರಲಿಲ್ಲ.

ದೊಡ್ಡ ಪೆಟ್ಟು ಐದನೇ ತಿಂಗಳಲ್ಲಿ ಬಿತ್ತು. ಲೈಬ್ರರಿ ಬರೆಯುತ್ತಿದ್ದ ಇಬ್ಬರಲ್ಲಿ ಹುಡುಗನಿಗೆ ಬೆಂಗಳೂರಿನಲ್ಲಿ ಖಾಯಂ ಕೆಲಸ ಸಿಕ್ಕಿತು, ಹೋದ. ಅವನನ್ನು ದೂರುವುದಕ್ಕೆ ಆಗಲ್ಲ. ಹನ್ನೊಂದು ತಿಂಗಳ ಗುತ್ತಿಗೆ ಕೊಟ್ಟು ನಿಷ್ಠೆ ಕೇಳುವುದು ಸರಿಯಲ್ಲ. ಹಿಂದೆ ಕಚೇರಿಯ ಪ್ರೋಗ್ರಾಂ ಅನಾಥವಾದದ್ದು ಹೀಗೇ ತಾನೇ? ಈ ಸಲ ಕೆಲಸ ಉಳಿದದ್ದು ಎರಡು ಕಾರಣಕ್ಕೆ. ಮಾದರಿ ಪಟ್ಟಿಗಳೆಲ್ಲ ಪರೀಕ್ಷೆಗಳಾಗಿ ಲೈಬ್ರರಿಯ ಜೊತೆಗೇ ಇದ್ದವು, ಹೊಸಬರು ಏನು ಬದಲಿಸಿದರೂ ಸರ್ವೆ ನಂಬರ್ ಕೆಟ್ಟರೆ ತಕ್ಷಣ ಗೊತ್ತಾಗುತ್ತಿತ್ತು. ಮತ್ತೆ, ಪ್ರತಿಯೊಂದು ನಿಯಮ ಯಾಕೆ ಬಂತು ಅಂತ ಕನ್ನಡದಲ್ಲಿ ಬರೆದಿಟ್ಟಿದ್ದರು. ಇಬ್ಬರಲ್ಲಿ ಉಳಿದವಳು ಮಳವಳ್ಳಿ ಕಡೆಯ ಹುಡುಗಿ, ಅವಳೊಬ್ಬಳೇ ಮುಂದುವರಿಸಿದಳು.

ಮೀಸಲಿಟ್ಟ 10 ರೂಪಾಯಿ ಮಾರ್ಚ್ 31ಕ್ಕೆ ಲ್ಯಾಪ್ಸ್ ಆಯಿತು. ಮೀಸಲು ಅಂತ ತೋರಿಸಿದರೆ ಮುಂದಿನ ವರ್ಷಕ್ಕೆ ಒಯ್ಯಬಹುದು ಅಂತ ನಾವು ಅಂದುಕೊಂಡಿದ್ದೆವು, ನಿಯಮ ಬಿಡಲಿಲ್ಲ. ಇಂಥ ಯೋಜನೆ ಮಾಡುವವರಿಗೆ ನಾನು ಕೈಮುಗಿದು ಹೇಳುವುದು: ನಿರ್ವಹಣೆಯ ಹಣವನ್ನು ಉಳಿಕೆಯಾಗಿ ಇಡಬೇಡಿ, ಮೊದಲ ದಿನವೇ ಅದಕ್ಕೆ ಬೇರೆ ಲೆಕ್ಕ ಶೀರ್ಷಿಕೆ ಕೇಳಿ. ನಾವು ಅದನ್ನು ಎರಡನೇ ವರ್ಷ ಕೇಳಿದೆವು, ಓಡಾಡಿದ್ದೆಲ್ಲ ಲೆಕ್ಕಾಧಿಕಾರಿಯೇ. ‘ವಾರ್ಷಿಕ ನಿರ್ವಹಣೆ’ ಅಂತ ಒಂದು ಸಾಲು ಬಂತು. ಹಿಂದಿನ ವರ್ಷದ 100ಕ್ಕೆ ಹೋಲಿಸಿದರೆ 12 ರೂಪಾಯಿ. ಹುಡುಗಿಗೆ ವಾರದಲ್ಲಿ ಎರಡು ದಿನದ ಕೆಲಸ. ಹಳೇ ಕಂಪ್ಯೂಟರನ್ನು ಆ ಕಚೇರಿಯವರು ಮೂಲೆಯಿಂದ ತೆಗೆದರು.

ಹೋದ ತಿಂಗಳು ಡೇಟಾ ಎಂಟ್ರಿ ಮೇಡಂ ಮತ್ತೆ ಫೋನ್ ಮಾಡಿದ್ದರು. ‘ಸಾರ್, ಮಂಡ್ಯ ಸಿಕ್ತದೆ, ಪಾಂಡವಪುರನೂ ಸಿಕ್ತದೆ. ನಾಗಮಂಗಲದಲ್ಲಿ ಹತ್ತು ಹೆಸರು ಬತ್ತಿಲ್ಲ. ಈ ಸಲ ಸೊನ್ನೆ ಜಾಗಕ್ಕೆ ಯಾರೋ ಇಂಗ್ಲಿಷಿನ ಓ ಹಾಕವ್ರೆ.’ ಮಳವಳ್ಳಿ ಹುಡುಗಿಗೆ ಹೇಳಿದೆ. ಮೇಡಂ ಅದೇ ಥರದ ಹತ್ತು ಕಲ್ಪಿತ ಹೆಸರು ಬರೆದು ಕಳಿಸಿದರು. ಹುಡುಗಿ ಅವನ್ನು ಪರೀಕ್ಷೆಗೆ ಸೇರಿಸಿ, ಆಮೇಲೆ ನಿಯಮ ಬರೆದು, ಮಾರನೇ ದಿನ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಕೊಟ್ಟಳು.